ಪ್ರಾಚೀನ ಈಜಿಪ್ಟಿನ ಶವಮಾಲೆಗಳು: ಅವುಗಳ ರಚನೆ ಮತ್ತು ಸಾಕ್ಷ್ಯಮೌಲ್ಯ

ಮೃತರಿಗೆ ಹೂವನ್ನು ಅರ್ಪಿಸುವ ಪದ್ಧತಿಯು ಅನೇಕ ಜನಾಂಗಗಳಲ್ಲಿ ಕಂಡುಬರುತ್ತದೆ. ಆದರೆ ಈ ಪದ್ಧತಿಯ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಶಿಲೆ ಉಳಿಯುತ್ತದೆ, ಲೋಹ ಉಳಿಯುತ್ತದೆ, ಮಡಕೆಯ ಚೂರು ಕೂಡ ಉಳಿಯುತ್ತದೆ, ಹೂವು ಉಳಿಯುವುದಿಲ್ಲ. ನಮ್ಮ ನಾಡಿನ ವೀರಗಲ್ಲುಗಳ ಮೇಲೆ, ಮಡಿದ ವೀರನನ್ನು ದೇವಲೋಕಕ್ಕೆ ಕರೆದೊಯ್ಯುವ ಅಪ್ಸರೆಯರನ್ನು ಶಿಲ್ಪಿಗಳು ಕೆತ್ತಿದ್ದಾರೆ. ಆದರೆ ಆ ವೀರನ ಹೆಣದ ಮೇಲೆ ಅವನ ಮನೆಯವರು ಯಾವ ಹೂವನ್ನು ಹಾಕಿದರು, ಅದನ್ನು ಯಾರು ಕಟ್ಟಿದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಇಂದು ನಮ್ಮ ಊರುಗಳಲ್ಲಿ ಶವಯಾತ್ರೆಗೆ ಬಳಸುವ ಚೆಂಡುಹೂವಂತೂ ಮೆಕ್ಸಿಕೋ ದೇಶದ ಮೂಲದ್ದು; ಯೂರೋಪಿನವರು ಅಮೆರಿಕಾ ಖಂಡವನ್ನು ಮುಟ್ಟಿದ ಮೇಲೆಯೇ ಅದು ಈ ಕಡೆಗೆ ಬಂದುದು. ಹೊಯ್ಸಳರ ಕಾಲದ ಶವಸಂಸ್ಕಾರವನ್ನು ಬಣ್ಣಿಸುವ ಕಾದಂಬರಿಕಾರನು ಅಲ್ಲಿ ಚೆಂಡುಹೂವಿನ ಹಾರವನ್ನು ಹಾಕಿಸಿದರೆ ಇತಿಹಾಸದ ವಿದ್ಯಾರ್ಥಿಗೆ ನಗು ಬಾರದಿರದು. ಸಾಕ್ಷ್ಯವಿಲ್ಲದೆಡೆ ವರ್ತಮಾನವನ್ನೇ ಭೂತಕಾಲಕ್ಕೆ ಹೊದಿಸುವ ಚಪಲ ಸಹಜವಾದುದು.

ಈ ಸಾಮಾನ್ಯ ನಿಯಮಕ್ಕೆ ಅತ್ಯಂತ ದೊಡ್ಡ ಅಪವಾದವೆಂದರೆ ಈಜಿಪ್ಟ್ ದೇಶ. ಅಲ್ಲಿಯ ಒಣಹವೆ, ಬಂಡೆಯಲ್ಲಿ ಕೊರೆದ ಗೋರಿ, ಬಿಗಿಯಾಗಿ ಮುಚ್ಚಿದ ಶವಪೆಟ್ಟಿಗೆ ಇವು ಮೂರೂ ಕೂಡಿ ಮೂರು ಸಾವಿರ ವರ್ಷಗಳ ಹಿಂದಿನ ಎಲೆ, ಎಸಳು, ನಾರುಗಳನ್ನು ನಮಗೆ ಉಳಿಸಿಕೊಟ್ಟಿವೆ. ಆ ಶವಮಾಲೆಗಳನ್ನು ಹೇಗೆ ಕಟ್ಟುತ್ತಿದ್ದರು, ಅವುಗಳಿಂದ ಇತಿಹಾಸಕಾರನು ಎಷ್ಟನ್ನು ನಿಶ್ಚಯವಾಗಿ ತಿಳಿಯಬಹುದು, ಎಲ್ಲಿಂದ ಮುಂದೆ ಊಹೆ ಆರಂಭವಾಗುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈಜಿಪ್ಟಿಗೆ ಹೋಗುವ ಮುನ್ನ ಇರಾಕಿನ ಉತ್ತರದಲ್ಲಿರುವ ಶಾನಿದಾರ್ ಗುಹೆಯ ವಿಷಯವನ್ನು ಒಂದು ಎಚ್ಚರಿಕೆಯ ಉದಾಹರಣೆಯಾಗಿ ನೆನೆಯಬೇಕು. ಅಲ್ಲಿ ರಾಲ್ಫ್ ಸೊಲೆಕಿ ಅವರು ನಡೆಸಿದ ಉತ್ಖನನದಲ್ಲಿ ದೊರೆತ ನಿಯಾಂಡರ್ತಾಲ್ ಮಾನವನೊಬ್ಬನ ಅಸ್ಥಿಗಳ ಸುತ್ತಲಿನ ಮಣ್ಣಿನಲ್ಲಿ ಹೂವುಗಳ ಪರಾಗ ಮುದ್ದೆಮುದ್ದೆಯಾಗಿ ಕಂಡುಬಂದಿತು. ಆರ್ಲೆಟ್ ಲರ್ವಾ-ಗುರ್‍ಹಾನ್ ಎಂಬ ವಿದುಷಿ ಅದನ್ನು ಪರೀಕ್ಷಿಸಿದರು. ಶವವನ್ನು ಹೂವಿನ ಹಾಸಿಗೆಯ ಮೇಲೆ ಮಲಗಿಸಿದ್ದರೆಂಬ ಕಥೆ ಅಲ್ಲಿಂದ ಹುಟ್ಟಿ ಜಗತ್ತಿನ ಪಠ್ಯಪುಸ್ತಕಗಳನ್ನೆಲ್ಲ ಹೊಕ್ಕಿತು. ೧೯೯೯ರಲ್ಲಿ ಜೆಫ್ರಿ ಸೊಮ್ಮರ್ ಅವರು, ಬಿಲ ತೋಡುವ ಇಲಿಜಾತಿಯ ಪ್ರಾಣಿಗಳು ಹೂವನ್ನು ಒಳಗೆ ಒಯ್ದಿರಬಹುದೆಂದು ತೋರಿಸಿದರು. ೨೦೨೩ರಲ್ಲಿ ಪ್ರಕಟವಾದ ಮತ್ತೊಂದು ವಿಮರ್ಶೆಯು ನೆಲದಲ್ಲಿ ಗೂಡು ಮಾಡುವ ಜೇನುಜಾತಿಯ ಕೀಟಗಳತ್ತ ಬೊಟ್ಟುಮಾಡಿತು. ಇಸ್ರೇಲಿನ ಕಾರ್ಮೆಲ್ ಬೆಟ್ಟದ ರಾಕೆಫೆತ್ ಗುಹೆಯ ಸಾಕ್ಷ್ಯವು ಇದಕ್ಕಿಂತ ಗಟ್ಟಿಯಾದುದು. ಸುಮಾರು ಹನ್ನೆರಡು ಸಾವಿರ ವರ್ಷಗಳಿಗೂ ಹಿಂದಿನ ಗೋರಿಗಳ ಕೆಸರುಗೋಡೆಯಲ್ಲಿ ಹೂವಿನ ಕಾಂಡಗಳ ಅಚ್ಚು ಮೂಡಿ ನಿಂತಿರುವುದನ್ನು ೨೦೧೩ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಲ್ಲಿಯೂ ನಮಗೆ ದೊರೆಯುವುದು ಅಚ್ಚು ಮಾತ್ರ, ಹೂವಲ್ಲ.

ಹೂವೇ ದೊರೆತುದು ೧೮೮೧ರಲ್ಲಿ. ಥೀಬ್ಸ್ ನಗರದ ಪಶ್ಚಿಮದಲ್ಲಿರುವ ದೇರ್ ಎಲ್ ಬಹರಿ ಎಂಬಲ್ಲಿ, ಬೆಟ್ಟದ ಮಡಿಲಿನ ಒಂದು ಗುಪ್ತ ಗೋರಿಯಿಂದ ಅನೇಕ ರಾಜರ ಶವಗಳು ಬೆಳಕಿಗೆ ಬಂದವು. ಸ್ಥಳೀಯ ಕುಟುಂಬವೊಂದು ಕೆಲವು ವರ್ಷಗಳಿಂದಲೂ ಈ ಗೋರಿಯನ್ನು ಬಲ್ಲದಾಗಿದ್ದು, ಅಲ್ಲಿಯ ವಸ್ತುಗಳನ್ನು ಒಂದೊಂದಾಗಿ ಮಾರುತ್ತಿದ್ದಿತು. ಸರ್ಕಾರಕ್ಕೆ ಸುಳಿವು ಹತ್ತಿದ ಮೇಲೆ ಜುಲೈ ತಿಂಗಳಲ್ಲಿ ಎಮಿಲ್ ಬ್ರುಗ್ಶ್ ಎಂಬ ಅಧಿಕಾರಿ ಅಲ್ಲಿಗೆ ಹೋಗಿ, ಕಳ್ಳರ ಭಯದಿಂದ ಎಲ್ಲವನ್ನೂ ತರಾತುರಿಯಲ್ಲಿ ಹೊರತೆಗೆಸಿದನು. ಯಾವ ಪೆಟ್ಟಿಗೆ ಯಾವ ಮೂಲೆಯಲ್ಲಿ ಇದ್ದಿತೆಂಬ ಸರಿಯಾದ ದಾಖಲೆ ಉಳಿಯಲಿಲ್ಲ. ಪ್ರಾಕ್ತನಶಾಸ್ತ್ರಕ್ಕೆ ಇದು ತುಂಬಲಾರದ ನಷ್ಟ. ಆದರೂ ಪೆಟ್ಟಿಗೆಗಳ ಒಳಗಿದ್ದ ಮಾಲೆಗಳು ಕೆಡದೆ ಕೈರೋ ನಗರವನ್ನು ತಲುಪಿದುದು ಪುಣ್ಯವಿಶೇಷವೆನ್ನಬೇಕು.

ಇವುಗಳನ್ನು ಪರೀಕ್ಷಿಸಿದವನು ಗೇಯೋರ್ಗ್ ಶ್ವೈನ್‌ಫುರ್ಟ್. ಆಫ್ರಿಕದ ಒಳನಾಡುಗಳಲ್ಲಿ ಸಂಚರಿಸಿದ್ದ ಈ ಸಸ್ಯಶಾಸ್ತ್ರಜ್ಞನಿಗೆ ನೈಲ್ ಕಣಿವೆಯ ಜೀವಂತ ಸಸ್ಯಗಳ ಪರಿಚಯ ಚೆನ್ನಾಗಿದ್ದಿತು. ಅವನು ಅನುಸರಿಸಿದ ವಿಧಾನ ಬಹಳ ಸರಳವಾದುದು. ಮುಟ್ಟಿದರೆ ಪುಡಿಯಾಗುವಂತಿದ್ದ ಹೂವುಗಳನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಿದನು; ಅನಂತರ ಎಸಳು, ಕೇಸರ, ಅಂಡಾಶಯಗಳನ್ನು ಬಿಡಿಸಿ, ನಿನ್ನೆ ಕೊಯ್ದ ಹೂವನ್ನು ಪರೀಕ್ಷಿಸುವಂತೆ ಪರೀಕ್ಷಿಸಿದನು. ಕೆಲವು ಹೂವುಗಳಲ್ಲಿ, ಮುಖ್ಯವಾಗಿ ಲಾರ್ಕ್‌ಸ್ಪರ್ ಹೂವಿನಲ್ಲಿ, ಊದಾ ಬಣ್ಣವು ಕೂಡ ಉಳಿದಿದ್ದಿತು. ಮೊದಲನೆಯ ಅಮೆನ್‌ಹೊಟೆಪ್ ರಾಜನ ಶವವಂತೂ ಅಡಿಯಿಂದ ಮುಡಿಯವರೆಗೆ ಮಾಲೆಗಳಿಂದ ಮುಚ್ಚಿಹೋಗಿದ್ದಿತು. ಅದರ ಪೆಟ್ಟಿಗೆಯಲ್ಲಿ ಒಂದು ಕಣಜದ ಹುಳುವೂ ದೊರೆಯಿತು. ಹೂವಿನ ವಾಸನೆಗೆ ಬಂದು, ಮುಚ್ಚಳ ಹಾಕಿದಾಗ ಒಳಗೇ ಸಿಕ್ಕಿಕೊಂಡ ಪ್ರಾಣಿ ಅದು.

ಈ ರಾಜನ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಹೇಳಬೇಕು. ಆ ಕಾಲದ ವಿದ್ವಾಂಸರು ರಾಜಶವಗಳ ಬಟ್ಟೆಯನ್ನು ಸಾಲಾಗಿ ಬಿಚ್ಚಿ ನೋಡಿದರು. ಅಮೆನ್‌ಹೊಟೆಪ್‌ನ ಮಾಲೆಗಳೂ ಹೊದಿಕೆಯೂ ಅಷ್ಟು ಅಂದವಾಗಿದ್ದುದರಿಂದ ಮಾತ್ರ ಅಧ್ಯಕ್ಷನಾಗಿದ್ದ ಮಾಸ್ಪೆರೋ ಅದನ್ನು ಬಿಚ್ಚಿಸಲಿಲ್ಲ. ಒಂದು ಶತಮಾನಕ್ಕೂ ಮಿಕ್ಕಿ ಆ ಶವವು ಹಾಗೆಯೇ ಉಳಿಯಿತು. ೨೦೨೧ರಲ್ಲಿ ಸಹರ್ ಸಲೀಂ ಮತ್ತು ಜಾಹಿ ಹವಾಸ್ ಅವರು ಕ್ಷಕಿರಣಯಂತ್ರದ ನೂತನ ವಿಧಾನದಿಂದ ಒಳಗನ್ನು ಕಂಡುದನ್ನು ಪ್ರಕಟಿಸಿದರು. ಬಟ್ಟೆಯ ಒಂದು ಎಳೆಯನ್ನೂ ಅವರು ಕದಲಿಸಲಿಲ್ಲ.

ಮಾಲೆಗಳ ರಚನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ನಮ್ಮಲ್ಲಿ ಹೂವನ್ನು ದಾರದಿಂದ ಗಂಟಿಕ್ಕಿ ಕಟ್ಟುತ್ತಾರೆ, ಇಲ್ಲವೆ ಸೂಜಿಯಿಂದ ಪೋಣಿಸುತ್ತಾರೆ. ಈಜಿಪ್ಟಿನವರ ಶವಮಾಲೆಯ ರೀತಿಯೇ ಬೇರೆ. ಅಲ್ಲಿ ಮಾಲೆಗೆ ಆಧಾರವು ಹೂವಲ್ಲ, ಎಲೆ. ಖರ್ಜೂರದ ಗರಿಯನ್ನು ಸಣ್ಣ ಪಟ್ಟಿಯಾಗಿ ಸೀಳಿ ಅದನ್ನೇ ನೂಲಿನಂತೆ ಹಿಡಿಯುತ್ತಿದ್ದರು. ಗಟ್ಟಿಯಾದ ಎಲೆಯೊಂದನ್ನು ಈ ಪಟ್ಟಿಯ ಮೇಲೆ ಅಡ್ಡಲಾಗಿ ಮಡಿಸಿ, ಮಡಿಕೆಯ ನಡುವೆ ಒಂದು ಎಸಳನ್ನೋ ಚಿಕ್ಕ ಹೂವನ್ನೋ ಸಿಕ್ಕಿಸಿ, ಇನ್ನೂ ಸಣ್ಣದಾದ ಗರಿಯ ಎಳೆಯಿಂದ ಹೊಲಿಯುತ್ತಿದ್ದರು. ಅದರ ಪಕ್ಕಕ್ಕೆ ಇನ್ನೊಂದು ಎಲೆ, ಇನ್ನೊಂದು ಎಸಳು. ಹೀಗೆ ಸಿದ್ಧವಾದ ಮಾಲೆಯು ಒಂದೇ ಕಡೆಗೆ ಮುಖಮಾಡಿದ ಚಪ್ಪಟೆಯಾದ ಪಟ್ಟಿಯಾಗುತ್ತಿದ್ದಿತು. ಇಂಥ ಪಟ್ಟಿಗಳನ್ನು ಶವದ ಎದೆಯ ಮೇಲೆ ಅರ್ಧಚಂದ್ರಾಕಾರವಾಗಿ, ಒಂದರ ಕೆಳಗೊಂದರಂತೆ ಸಾಲಾಗಿ ಹರಡುತ್ತಿದ್ದರು. ಕೊರಳಿಗೆ ಹಾಕಿ ಇಳಿಬಿಡುವ ಮಾಲೆಗೂ ಮಲಗಿದ ಶವದ ಮೇಲೆ ಹೊದಿಸುವ ಮಾಲೆಗೂ ಇರುವ ವ್ಯತ್ಯಾಸವನ್ನು ಈ ರಚನೆ ಸ್ಪಷ್ಟವಾಗಿ ತೋರಿಸುತ್ತದೆ. ನೋಡುವವರ ಕಣ್ಣಿಗೆ ಮೇಲುಮುಖ ಒಂದೇ ಬೀಳುವುದರಿಂದ, ಹಿಂಬದಿಯ ಅಲಂಕಾರಕ್ಕೆ ಯಾರೂ ಕೈಹಾಕಿಲ್ಲ.

ಆಧಾರವಾಗಿ ಬಳಸಿದ ಎಲೆಗಳಲ್ಲಿ ಪ್ರಧಾನವಾದುದು ಪರ್ಸಿಯಾ ಎಂದು ಗ್ರೀಕರು ಕರೆದ ಮರದ ಎಲೆ. ಇದು ಮಿಮುಸಾಪ್ಸ್ ಕುಲಕ್ಕೆ ಸೇರಿದುದು. ಎಂದರೆ ನಮ್ಮ ಬಕುಳದ ಹತ್ತಿರದ ಸಂಬಂಧಿ. ಬಕುಳದ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಆಯ್ಕೆಯ ಕಾರಣ ಕೂಡಲೆ ಹೊಳೆಯುತ್ತದೆ: ಎಲೆ ದಪ್ಪವಾಗಿದೆ, ಹೊಳಪುಳ್ಳದ್ದಾಗಿದೆ, ಬೇಗ ಬಾಡುವುದಿಲ್ಲ. ಪರ್ಸಿಯಾ ಮರವು ಇಂದು ಈಜಿಪ್ಟಿನಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಅದನ್ನು ಕಾಣಲು ಇಥಿಯೋಪಿಯಕ್ಕೋ ಯೆಮೆನ್ನಿಗೋ ಹೋಗಬೇಕು. ಇದರೊಡನೆ ವಿಲೋ ಮರದ ಎಲೆ, ಆಲಿವ್ ಎಲೆಗಳೂ ಬಳಕೆಯಲ್ಲಿದ್ದವು. ಎಲೆಯ ನಡುವೆ ಇಟ್ಟ ಹೂವುಗಳ ಪಟ್ಟಿಯನ್ನು ಓದುವಾಗ ಕನ್ನಡಿಗನಿಗೆ ಪರಿಚಿತರ ಮನೆಗೆ ಬಂದಂತಾಗುತ್ತದೆ. ಅಲ್ಲಿ ಗೊಬ್ಬಳಿ ಜಾಲಿಯ ಹಳದಿ ಹೂವಿದೆ. ಅಗಸೆಯ ಕುಲದ ಜೀನಂಗಿಯ ಹೂವಿದೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವೂ ಇದೆ. ಅಮೆನ್‌ಹೊಟೆಪ್‌ನ ಎದೆಯ ಮೇಲೆ ಕುಸುಬೆ ಕೆಂಪಗೆ ಉಳಿದಿದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗದಗ, ವಿಜಯಪುರಗಳ ಹೊಲದ ಬದುವಿನಲ್ಲಿ ನಿಂತಾಗ ನೆನೆಯಬಹುದು.

ನೈದಿಲೆಯ ವಿಷಯದಲ್ಲಿ ಒಂದು ತಿದ್ದುಪಡಿ ಅವಶ್ಯಕ. ಈಜಿಪ್ಟಿನ ಶಿಲ್ಪಚಿತ್ರಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಹೂವನ್ನು ಇಂಗ್ಲಿಷ್ ಪುಸ್ತಕಗಳು ಲೋಟಸ್ ಎಂದು ಕರೆಯುತ್ತವೆ. ಅವುಗಳಿಂದ ಕನ್ನಡಿಸುವವರು ಹಿಂದುಮುಂದು ನೋಡದೆ ತಾವರೆ ಎಂದು ಬರೆದುಬಿಡುತ್ತಾರೆ. ಅದು ತಾವರೆಯಲ್ಲ. ಅಲ್ಲಿ ಇದ್ದುವು ನೀಲಿ ನೈದಿಲೆ ಮತ್ತು ಬಿಳಿ ನೈದಿಲೆ. ನಿಜವಾದ ತಾವರೆ ಈಜಿಪ್ಟಿಗೆ ಬಂದುದು ಪಾರಸಿಕರ ಆಳ್ವಿಕೆಯ ಕಾಲಕ್ಕೆ. ಕ್ರಿ. ಪೂ. ಐದನೆಯ ಶತಮಾನದ ಹಿರೊಡೋಟಸನು, ಕಣಜದ ಗೂಡಿನಂಥ ಕಾಯಿಯುಳ್ಳ ನೀರಹೂವೊಂದನ್ನು ಬಣ್ಣಿಸಿರುವುದು ಈ ತಾವರೆಯನ್ನೇ. ಕನ್ನಡದಲ್ಲಿ ಈ ಎರಡು ಹೂವುಗಳಿಗೆ ಬೇರೆಬೇರೆ ಹೆಸರುಗಳು ಹಿಂದಿನಿಂದಲೂ ಇವೆ; ಅವುಗಳ ಭೇದವನ್ನು ನಮ್ಮ ಕವಿಗಳು ಚೆನ್ನಾಗಿ ಬಲ್ಲರು. ಇಂಗ್ಲಿಷಿನ ಬಡತನವನ್ನು ನಾವು ಏಕೆ ಸಾಲವಾಗಿ ತರಬೇಕು? ಈ ಭೇದ ಕೇವಲ ಪದದ ವಿಷಯವೂ ಅಲ್ಲ. ನೀಲಿ ನೈದಿಲೆಯು ಬೆಳಗ್ಗೆ ಅರಳಿ ಹೊತ್ತೇರಿದ ಮೇಲೆ ಮುಚ್ಚಿಕೊಂಡು, ಮರುದಿನ ಮತ್ತೆ ಅರಳುತ್ತದೆ. ಸೂರ್ಯನೊಡನೆ ಪುನಃ ಹುಟ್ಟುವುದನ್ನು ಮೃತನಿಗೆ ಬಯಸಿದ ಜನರು ಅದರ ಎಸಳನ್ನೇ ಆರಿಸಿಕೊಂಡುದು ಸಹಜವಾಗಿದೆ.

ಇನ್ನು ಕಾಲನಿರ್ಣಯದ ಪ್ರಶ್ನೆ. ಎರಡನೆಯ ರಾಮೆಸಿಸ್ ರಾಜನು ತೀರಿಕೊಂಡುದು ಕ್ರಿ. ಪೂ. ೧೨೧೩ರಲ್ಲಿ. ಅವನ ಶವದ ಮೇಲೆ ಪರ್ಸಿಯಾದ ಎಲೆ ಮತ್ತು ನೈದಿಲೆಯ ಎಸಳುಗಳಿಂದ ಕಟ್ಟಿದ ಮಾಲೆಗಳಿದ್ದುವು. ಹಾಗಾದರೆ ಇವು ಕ್ರಿ. ಪೂ. ೧೨೧೩ರ ಮಾಲೆಗಳೆ? ಅಲ್ಲ. ರಾಜರ ಗೋರಿಗಳನ್ನು ಕಳ್ಳರು ಒಡೆದು ಸೂರೆಮಾಡಿದ ಮೇಲೆ, ಇಪ್ಪತ್ತೊಂದನೆಯ ರಾಜವಂಶದ ಕಾಲದಲ್ಲಿ, ಎಂದರೆ ಸುಮಾರು ಕ್ರಿ. ಪೂ. ೧೦೭೦ರಿಂದ ಈಚೆಗೆ, ಅಮನ್ ದೇವಾಲಯದ ಪುರೋಹಿತರು ಆ ಶವಗಳನ್ನು ಒಟ್ಟುಗೂಡಿಸಿ ಹೊಸ ಬಟ್ಟೆ ಸುತ್ತಿ ಗುಪ್ತಸ್ಥಳಕ್ಕೆ ಸಾಗಿಸಿದರು. ಸಾಗಿಸಿದ ವಿವರವನ್ನು ಪೆಟ್ಟಿಗೆಗಳ ಮೇಲೆ ಮಸಿಯಲ್ಲಿ ಬರೆದಿಟ್ಟಿದ್ದಾರೆ. ಮಾಲೆಗಳು ಆ ಪುನಃಸಂಸ್ಕಾರದ ಕಾಲದವು. ಅಮೆನ್‌ಹೊಟೆಪ್‌ನ ಮಾಲೆಗಳಿಗೂ ಇದೇ ಮಾತು ಸಲ್ಲುತ್ತದೆ. ಅವನು ಸತ್ತು ಆಗಲೇ ನಾಲ್ಕು ಶತಮಾನಗಳು ಕಳೆದಿದ್ದುವು. ಇದರಿಂದ ಸಾಕ್ಷ್ಯದ ಬೆಲೆ ಕಡಮೆಯಾಯಿತೆಂದು ಕೆಲವರು ಹೇಳಬಹುದು. ನಮಗೆ ತೋರುವಂತೆ ಬೆಲೆ ಹೆಚ್ಚಿತು. ಬೊಕ್ಕಸ ಬರಿದಾಗಿದ್ದ ಕಾಲ ಅದು. ಹಳೆಯ ಶವಗಳ ಮೇಲಿದ್ದ ಚಿನ್ನವು ಪುರೋಹಿತರಿಗೂ ಬೇಕಾಗಿದ್ದಿತೆಂದು ಇಂದಿನ ವಿದ್ವಾಂಸರು ಶಂಕಿಸುತ್ತಾರೆ. ಹಾಗಿದ್ದರೂ ಕಂಡುಕೇಳದ ಪೂರ್ವಕಾಲದ ಅರಸರಿಗೆ ಹೊಸದಾಗಿ ಎಲೆ ಮಡಿಸಿ, ಎಸಳು ಸಿಕ್ಕಿಸಿ, ಮಾಲೆ ಹೊಲಿಸಿದರು. ಚಿನ್ನವನ್ನು ತೆಗೆದ ಕೈ ಹೂವನ್ನು ಇಟ್ಟಿತು. ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಆ ಯುಗವು ಅರ್ಥವಾಗುವುದಿಲ್ಲ.

ಮೂಲಸಂಸ್ಕಾರದ ಮಾಲೆಗಳೇ ದೊರೆಯಬೇಕಾದರೆ ೧೯೨೨ರ ನವೆಂಬರ್ ತಿಂಗಳವರೆಗೆ ಕಾಯಬೇಕಾಯಿತು. ಆದರೆ ಅದಕ್ಕೂ ಮೊದಲು, ೧೯೦೭ರ ಡಿಸೆಂಬರಿನಲ್ಲಿ, ಅಮೆರಿಕದ ಧನಿಕ ಥಿಯೊಡರ್ ಡೇವಿಸನ ಪರವಾಗಿ ಅರಸರ ಕಣಿವೆಯಲ್ಲಿ ಅಗೆಯುತ್ತಿದ್ದವರಿಗೆ ಒಂದು ಗುಂಡಿ ಸಿಕ್ಕಿದ್ದಿತು. ಅದರಲ್ಲಿ ಇದ್ದುದು ಕೆಲವು ದೊಡ್ಡ ಬಿಳಿಯ ಹರವಿಗಳು. ಹರವಿಗಳ ಒಳಗೆ ಉಪ್ಪಿನ ಚೀಲ, ಹಳೆಯ ಬಟ್ಟೆ, ಒಡೆದ ಪಾತ್ರೆ, ಹಕ್ಕಿಗಳ ಮೂಳೆ, ಟುಟಾಂಖಾಮನ್ ರಾಜನ ಹೆಸರಿನ ಮುದ್ರೆ, ಮತ್ತು ಹೂವಿನ ಕಂಠಹಾರಗಳು. ಚಿನ್ನವನ್ನು ನಿರೀಕ್ಷಿಸಿದ್ದ ಡೇವಿಸನಿಗೆ ಇವು ಕಸವಾಗಿ ಕಂಡುವು. ಅತಿಥಿಗಳ ಮುಂದೆ, ಇಷ್ಟು ಹಳೆಯದಾದರೂ ಎಷ್ಟು ಗಟ್ಟಿಯಾಗಿದೆ ನೋಡಿ ಎಂದು ಅವನು ಕೆಲವು ಹಾರಗಳನ್ನು ಎಳೆದು ಹರಿದುತೋರಿಸಿದನೆಂದು ಹರ್ಬರ್ಟ್ ವಿನ್‌ಲಾಕ್ ಬರೆದಿದ್ದಾನೆ. ಉಳಿದ ಮೂರು ಹಾರಗಳು ೧೯೦೯ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿದುವು. ವಿನ್‌ಲಾಕ್ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅವುಗಳ ನಿಜವಾದ ಮಹತ್ವ ಲೋಕಕ್ಕೆ ತಿಳಿಯಿತು: ಗುಂಡಿಯಲ್ಲಿದ್ದುದು ರಾಜನ ಶವವನ್ನು ಸಂರಕ್ಷಿಸುವಾಗ ಉಳಿದ ಸಾಮಗ್ರಿ. ಹಾರಗಳನ್ನು ಶವಸಂಸ್ಕಾರದ ಭೋಜನಕ್ಕೆ ಕುಳಿತವರು ಧರಿಸಿದ್ದರೆಂದು ಅವನು ಊಹಿಸಿದನು. ಭೋಜನದ ಮಾತನ್ನು ಈಚಿನವರು ಅಷ್ಟಾಗಿ ಒಪ್ಪುವುದಿಲ್ಲ. ಹಾರಗಳ ರಚನೆ ಮಾತ್ರ ನಿರ್ವಿವಾದವಾದುದು. ಪಪೈರಸ್ ಹಾಳೆಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಂಚಿಗೆ ಕೆಂಪು ಬಟ್ಟೆಯನ್ನು ಹೊಲಿದು, ಅದರ ಮೇಲೆ ಆಲಿವ್ ಎಲೆ, ನೀಲಿಯ ಕಾರ್ನ್‌ಫ್ಲವರ್ ಹೂವು, ಚಿಕ್ಕ ಕೆಂಪು ಹಣ್ಣು, ನೀಲಿ ಮಣಿಗಳನ್ನು ಸಾಲುಸಾಲಾಗಿ ಕೂರಿಸಿದ್ದಾರೆ. ಇದು ಮಾಲೆಗಾರನ ಕೆಲಸವೂ ಹೌದು, ದರ್ಜಿಯ ಕೆಲಸವೂ ಹೌದು.

ಟುಟಾಂಖಾಮನ್‌ನ ಗೋರಿಯಲ್ಲಿ ಹೂವು ಮೂರು ಬಗೆಯಾಗಿ ಕಂಡುಬಂದಿತು. ಹೊರಕೋಣೆಯಲ್ಲಿ ಪರ್ಸಿಯಾ ಮತ್ತು ಆಲಿವ್ ಕೊಂಬೆಗಳನ್ನು ಕಟ್ಟಿ ಮಾಡಿದ ಎತ್ತರವಾದ ಗುಚ್ಛಗಳನ್ನು ಗೋಡೆಗೆ ಒರಗಿಸಿದ್ದರು. ಹೊರಗಿನ ಶವಪೆಟ್ಟಿಗೆಯ ಹಣೆಯಲ್ಲಿರುವ ಹದ್ದು ಮತ್ತು ನಾಗರದ ಲಾಂಛನಗಳಿಗೆ ಆಲಿವ್ ಎಲೆ, ನೈದಿಲೆಯ ಎಸಳು, ಕಾರ್ನ್‌ಫ್ಲವರ್‌ಗಳಿಂದ ಕಟ್ಟಿದ ಚಿಕ್ಕ ಬಳೆಯಂಥ ಮಾಲೆಯನ್ನು ತೊಡಿಸಿದ್ದರು. ಒಳಗಿನ ಚಿನ್ನದ ಪೆಟ್ಟಿಗೆಯ ಎದೆಯ ಮೇಲೆ ಪಪೈರಸ್ ಹಾಳೆಗೆ ಹೊಲಿದ ವಿಸ್ತಾರವಾದ ಕಂಠಹಾರವಿದ್ದಿತು. ಅದರಲ್ಲಿ ದಾಳಿಂಬೆಯ ಎಲೆ, ವಿಲೋ ಎಲೆ, ನೀಲಿ ನೈದಿಲೆಯ ಎಸಳು, ಕಾರ್ನ್‌ಫ್ಲವರ್, ಸೀಳಿ ಹೊಲಿದ ಮಾಂಡ್ರೇಕ್ ಹಣ್ಣು, ಖರ್ಜೂರದ ಗರಿಗೆ ಪೋಣಿಸಿದ ಕೆಂಪು ಹಣ್ಣುಗಳು ಇದ್ದುವು. ಹೂವು, ಎಲೆ, ಹಣ್ಣು, ಗಾಜಿನ ಮಣಿ ಎಲ್ಲವನ್ನೂ ಬಣ್ಣದ ಲೆಕ್ಕದಲ್ಲಿ ಜೋಡಿಸಿರುವುದನ್ನು ಗಮನಿಸಬೇಕು. ಚಿನ್ನ ಮತ್ತು ರತ್ನಗಳಿಂದ ಅಕ್ಕಸಾಲಿಗರು ಮಾಡುತ್ತಿದ್ದ ಅಗಲವಾದ ಕಂಠಾಭರಣಗಳ ವಿನ್ಯಾಸವೇ ಇಲ್ಲಿಯೂ ಇದೆ; ಆಭರಣವು ಹೂವನ್ನು ಅನುಸರಿಸಿತು ಎಂದೇ ನಮ್ಮ ಅಭಿಪ್ರಾಯ.

ಈ ಮಾಲೆಗಳನ್ನು ಪರೀಕ್ಷಿಸಿದ ಪರ್ಸಿ ನ್ಯೂಬೆರಿಯ ವರದಿ, ಹವರ್ಡ್ ಕಾರ್ಟರನ ಗ್ರಂಥದ ೧೯೨೭ರ ಎರಡನೆಯ ಸಂಪುಟದಲ್ಲಿ ಅಚ್ಚಾಗಿದೆ. ಅವನ ತರ್ಕ ಹೀಗಿದೆ: ಕಾರ್ನ್‌ಫ್ಲವರ್ ಈಜಿಪ್ಟಿನಲ್ಲಿ ಅರಳುವುದು ಮಾರ್ಚ್ ಏಪ್ರಿಲ್‌ಗಳಲ್ಲಿ, ಮಾಂಡ್ರೇಕ್ ಹಣ್ಣಾಗುವುದೂ ಆಗಲೇ, ಕೆಂಪು ಹಣ್ಣಿನ ಕಾಲವೂ ಅದೇ. ಆದುದರಿಂದ ರಾಜನ ಶವಸಂಸ್ಕಾರವು ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯೊಳಗೆ ನಡೆದಿರಬೇಕು. ಶವಸಂರಕ್ಷಣೆಗೆ ಎಪ್ಪತ್ತು ದಿನ ಹಿಡಿಯುತ್ತಿದ್ದುದು ಹಿರೊಡೋಟಸನಿಂದಲೂ ಈಜಿಪ್ಟಿನ ಬರಹಗಳಿಂದಲೂ ತಿಳಿದಿರುವುದರಿಂದ, ಮರಣವು ಜನವರಿಯ ಆರಂಭಕ್ಕೂ ಫೆಬ್ರುವರಿಯ ಮೂರನೆಯ ವಾರಕ್ಕೂ ನಡುವೆ ಎಂದಾಗುತ್ತದೆ. ಸತ್ತ ವರ್ಷವೇ ಸುಮಾರಾಗಿ ಕ್ರಿ. ಪೂ. ೧೩೨೩ ಎಂದು ಹೇಳಬೇಕಾಗಿರುವ ರಾಜನ ವಿಷಯದಲ್ಲಿ, ಸತ್ತ ತಿಂಗಳನ್ನು ಹೂವು ಹೇಳುತ್ತದೆ!

ಈ ತೀರ್ಮಾನವು ಎಷ್ಟು ಭಾರವನ್ನು ತಾಳುತ್ತದೆಂಬುದನ್ನು ತೂಗಿ ನೋಡಬೇಕು. ನ್ಯೂಬೆರಿ ಆ ಕೆಂಪು ಹಣ್ಣನ್ನು ಬೇರೊಂದು ಗಿಡದ್ದೆಂದು ಗುರುತಿಸಿದ್ದನು; ಕ್ಯೂ ಸಸ್ಯೋದ್ಯಾನದ ನೈಜೆಲ್ ಹೆಪ್ಪರ್ ಮೊದಲಾದವರು ಅದು ನಮ್ಮ ವೈದ್ಯರು ಹಿರೇಮದ್ದು ಎಂದೂ ಅಶ್ವಗಂಧ ಎಂದೂ ಕರೆಯುವ ಗಿಡದ ಹಣ್ಣೆಂದು ಹೇಳಿದ್ದಾರೆ. ಅಶ್ವಗಂಧದ ಹಣ್ಣಿನ ಕಾಲವು ಒಂದೆರಡು ತಿಂಗಳಿಗೆ ಸೀಮಿತವಲ್ಲ. ಅದೂ ಅಲ್ಲದೆ ಹಣ್ಣನ್ನು ಒಣಗಿಸಿ ಇಡಬಹುದು. ಆಲಿವ್, ಪರ್ಸಿಯಾ ಎಲೆಗಳು ವರ್ಷವಿಡೀ ಮರದಲ್ಲಿರುತ್ತವೆ. ನೈದಿಲೆಯನ್ನು ತೋಟದ ಕೊಳಗಳಲ್ಲಿ ಬೆಳೆಸುತ್ತಿದ್ದುದರಿಂದ ಅದೂ ಖಚಿತವಾದ ಸಾಕ್ಷಿಯಲ್ಲ. ಹೀಗೆ ಒಂದೊಂದಾಗಿ ಕಳೆಯುತ್ತ ಬಂದರೆ ಕೊನೆಗೆ ವಾದವೆಲ್ಲ ಕಾರ್ನ್‌ಫ್ಲವರ್ ಒಂದರ ಮೇಲೆ, ಸ್ವಲ್ಪಮಟ್ಟಿಗೆ ಮಾಂಡ್ರೇಕಿನ ಮೇಲೆ, ನಿಲ್ಲುತ್ತದೆ. ಕಾರ್ನ್‌ಫ್ಲವರ್ ಈಜಿಪ್ಟಿನ ಮೂಲದ ಗಿಡವಲ್ಲ. ಪಶ್ಚಿಮ ಏಷ್ಯದಿಂದ ತಂದು ತೋಟದಲ್ಲಿ ಬೆಳೆಸಿದುದು. ತೋಟದ ಗಿಡದ ಋತುವನ್ನು ನೀರು ಗೊಬ್ಬರಗಳಿಂದ ಸ್ವಲ್ಪ ಹಿಂದುಮುಂದು ಮಾಡಬಹುದು. ಆದರೂ ಅರಳಿದ ಹೂವನ್ನು ಹಸಿಯಾಗಿ ಹೊಲಿದಿರುವುದು ಸ್ಪಷ್ಟವಾಗಿರುವುದರಿಂದ, ವಸಂತಕಾಲವೆಂಬ ಮುಖ್ಯಾಂಶವನ್ನು ಒಪ್ಪಬಹುದು. ವಾರಗಳ ಲೆಕ್ಕವನ್ನು ಹಿಡಿದು ಕೂರುವುದು ಬೇಡ.

ಇದಕ್ಕಿಂತ ಕಠಿನವಾದ ಪ್ರಶ್ನೆ ಹಣೆಯ ಮೇಲಿನ ಚಿಕ್ಕ ಮಾಲೆಯದು. ಅದನ್ನು ಕಂಡಾಗ ಕಾರ್ಟರನ ಮನಸ್ಸು ಕರಗಿತು. ತಾರುಣ್ಯದಲ್ಲಿಯೇ ವಿಧವೆಯಾದ ರಾಣಿಯು ಪತಿಗೆ ಅರ್ಪಿಸಿದ ಕೊನೆಯ ಕಾಣಿಕೆ ಇದೆಂದು ಭಾವಿಸಲು ತನಗೆ ಇಷ್ಟವೆಂದು ಅವನು ಬರೆದನು. ಅಷ್ಟು ಚಿನ್ನದ ನಡುವೆ ಆ ಬಾಡಿದ ಹೂವಿನಷ್ಟು ಚೆಲುವಾದುದು ತನಗೆ ಕಾಣಲಿಲ್ಲವೆಂದೂ ಹೇಳಿದನು. ಈ ಮಾತು ಅನಂತರದ ಜನಪ್ರಿಯ ಗ್ರಂಥಗಳಲ್ಲೆಲ್ಲ ನಡೆದ ಸಂಗತಿಯಾಗಿ ಮಾರ್ಪಟ್ಟಿದೆ. ಕಾರ್ಟರನು ಮಾತ್ರ ‘ಇಷ್ಟ’ ಎಂದನೇ ಹೊರತು ‘ನಿಶ್ಚಯ’ ಎನ್ನಲಿಲ್ಲ. ಈ ನ್ಯಾಯವನ್ನು ಅವನಿಗೆ ಸಲ್ಲಿಸಬೇಕು. ಸಾಕ್ಷ್ಯವೇನು ಹೇಳುತ್ತದೆ? ಮಾಲೆ ಇರುವುದು ರಾಜನ ಹಣೆಯ ಮೇಲಲ್ಲ, ರಾಜಲಾಂಛನದ ಸುತ್ತ. ಈಜಿಪ್ಟಿನ ಮೃತರ ಗ್ರಂಥದಲ್ಲಿ, ಬಹುಮಟ್ಟಿಗೆ ಈಚಿನ ಕಾಲದ ಪ್ರತಿಗಳಲ್ಲಿ ಕಾಣುವ ಹತ್ತೊಂಬತ್ತನೆಯ ಅಧ್ಯಾಯವು, ಪರಲೋಕದ ನ್ಯಾಯಸ್ಥಾನದಲ್ಲಿ ನಿರ್ದೋಷಿಯೆಂದು ತೀರ್ಪಾದವನಿಗೆ ತೊಡಿಸುವ ಜಯಮಾಲೆಯ ಮಂತ್ರವಾಗಿದೆ. ಟುಟಾಂಖಾಮನ್‌ನ ಮಾಲೆಯು ಇಂಥ ಜಯಮಾಲೆಯ ಪೂರ್ವರೂಪವಾಗಿರಬಹುದೆಂಬ ಮತ ಬಲವಾಗಿದೆ. ಆ ಗ್ರಂಥಭಾಗವು ರಾಜನ ಕಾಲಕ್ಕಿಂತ ಬಹಳ ಈಚಿನದು ಎಂಬುದು ಈ ಮತದ ದೌರ್ಬಲ್ಯ. ನಮ್ಮ ದೃಷ್ಟಿಯಲ್ಲಿ ವಿಧಿಯ ಹೂವು, ದುಃಖದ ಹೂವು ಎಂದು ಎರಡು ರಾಶಿ ಮಾಡುವುದೇ ಸರಿಯಲ್ಲ. ವಿಧಿಯಂತೆ ಇಡಬೇಕಾದ ಮಾಲೆಯನ್ನು ಇಡುವ ಕೈಯೂ ನಡುಗಬಹುದು. ಆದರೆ ಆ ನಡುಕವು ಮಾಲೆಯಲ್ಲಿ ಉಳಿಯುವುದಿಲ್ಲ. ಉಳಿಯುವುದು ಎಲೆಯ ಮಡಿಕೆ ಮತ್ತು ಹೊಲಿಗೆ.

ಆ ಹೊಲಿಗೆ ಹಾಕಿದವರು ಯಾರು? ದೇವಾಲಯಗಳಿಗೆ ತಮ್ಮವೇ ಆದ ಹೂದೋಟಗಳಿದ್ದುವು. ಥೀಬ್ಸ್‌ನ ಒಂದು ಗೋರಿಯ ಒಡೆಯನಾದ ನಖ್ತ್ ಎಂಬುವನ ಹುದ್ದೆಯೇ ಅಮನ್ ದೇವರ ಪುಷ್ಪಕಾಣಿಕೆಗಳನ್ನು ಹೊರುವವನು ಎಂಬುದು. ಗೋರಿಯನ್ನು ಕೊರೆಸಿ ಚಿತ್ರ ಬರೆಸುವಷ್ಟು ಸ್ಥಿತಿವಂತಿಕೆ ಹೂವಿನ ಅಧಿಕಾರಿಗೆ ಇದ್ದಿತೆಂಬುದು ಗಮನಾರ್ಹ. ಮೂರನೆಯ ರಾಮೆಸಿಸ್‌ನ ದಾನಗಳನ್ನು ಎಣಿಸುವ, ನಲವತ್ತು ಮೀಟರಿಗೂ ಉದ್ದವಾದ ಹ್ಯಾರಿಸ್ ಪಪೈರಸ್ ಸುರುಳಿಯಲ್ಲಿ ದೇವಾಲಯಗಳಿಗೆ ಸಂದ ಹೂಗುಚ್ಛ ಮತ್ತು ಮಾಲೆಗಳ ಲೆಕ್ಕವು ಲಕ್ಷಗಳನ್ನು ಮುಟ್ಟುತ್ತದೆ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕಣಿವೆಯ ಉತ್ಸವದಲ್ಲಿ ಅಮನ್ ದೇವರ ಮೂರ್ತಿಯು ನದಿಯನ್ನು ದಾಟಿ ಪಶ್ಚಿಮ ದಂಡೆಗೆ ಬರುತ್ತಿದ್ದಿತು. ಮನೆಮಂದಿಯೆಲ್ಲ ಹಿರಿಯರ ಗೋರಿಗಳ ಬಳಿ ಸೇರಿ ಉಂಡು, ದೇವರಿಗೆ ಮುಟ್ಟಿಸಿದ ಹೂಗುಚ್ಛವನ್ನು ಮೃತರಿಗೆ ಒಪ್ಪಿಸುತ್ತಿದ್ದರು. ಈ ಗುಚ್ಛಕ್ಕೆ ಅವರ ಭಾಷೆಯಲ್ಲಿ ‘ಅಂಖ್’ ಎಂದು ಹೆಸರು. ಜೀವ ಎಂಬುದಕ್ಕೂ ಅದೇ ಶಬ್ದ. ನಮ್ಮ ಪಿತೃಪಕ್ಷವನ್ನು ಇದರೊಡನೆ ಹೋಲಿಸುವ ಆಸೆ ಓದುಗರಿಗೆ ಬರುವುದು ಸಹಜ. ಆದರೆ ಹೋಲಿಕೆಯಿಂದ ಸಂಬಂಧವನ್ನು ಸಾಧಿಸಲಾಗದು.

ಶವವಿಲ್ಲದ ಪೆಟ್ಟಿಗೆಯಲ್ಲಿಯೂ ಮಾಲೆಗಳು ದೊರೆತಿವೆ. ಟುಟಾಂಖಾಮನ್‌ನ ಗೋರಿಗೆ ಅತಿ ಸಮೀಪದಲ್ಲಿ ಓಟೊ ಶೇಡನ್ ಅವರ ತಂಡವು ಕಂಡುಹಿಡಿದ ಕೋಣೆಯೊಂದರ ಕೊನೆಯ ಪೆಟ್ಟಿಗೆಯನ್ನು ೨೦೦೬ರ ಜೂನಿನಲ್ಲಿ ತೆರೆದಾಗ, ರಾಣಿಯೊಬ್ಬಳ ಶವವನ್ನು ನಿರೀಕ್ಷಿಸಿದ್ದವರಿಗೆ ಕಂಡುದು ಒಣಗಿದ ಹೂವಿನ ಹಾರಗಳು ಮಾತ್ರ. ಸಂರಕ್ಷಣೆಯ ಸಾಮಗ್ರಿಯನ್ನು ಇಡುವ ಕೋಣೆ ಅದೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಡೇವಿಸನ ಗುಂಡಿಯ ಕಸಕ್ಕೆ ಇದರಿಂದ ಒಂದು ಜೊತೆ ಸಿಕ್ಕಿದಂತಾಯಿತು.

ರೋಮನರ ಆಳ್ವಿಕೆಯ ಕಾಲಕ್ಕೆ ಬಂದರೆ ಮಾಲೆಯ ರೂಪವೇ ಬದಲಾಗುತ್ತದೆ. ಫ್ಲಿಂಡರ್ಸ್ ಪೀಟ್ರಿ ೧೮೮೮ರಲ್ಲಿ ಹವಾರಾ ಎಂಬಲ್ಲಿ ಅಗೆದ ಶ್ಮಶಾನದಲ್ಲಿ ಗುಲ್ಮಾಲೆಗಳು ರಾಶಿಯಾಗಿ ದೊರೆತುವು. ಅವನ್ನು ಪರೀಕ್ಷಿಸಿದವನೂ, ಆಗ ಇನ್ನೂ ಎಳೆಯ ವಯಸ್ಸಿನ, ನ್ಯೂಬೆರಿಯೇ. ಮಡಿಸಿದ ಎಲೆ ಹಿಂದೆ ಸರಿದು ಹೂವು ಮುಂದೆ ಬಂದಿದೆ. ಗುಲಾಬಿ, ಗ್ರೀಸ್ ಕಡೆಯ ಬಾಡದ ಹಳದಿಹೂವು, ನಾರ್ಸಿಸಸ್, ಮರುಗದ ಜಾತಿಯ ಸುವಾಸನೆಯ ಎಲೆ ಇವು ಹೊಸದಾಗಿ ಕಾಣುತ್ತವೆ. ಗುಲಾಬಿಯನ್ನು ಎಸಳು ಉದುರದಿರಲೆಂದು ಅರಳುವ ಮುನ್ನವೇ ಕೊಯ್ದಿದ್ದರು. ಮಲ್ಲಿಗೆಯನ್ನು ಮೊಗ್ಗಿನಲ್ಲಿ ಕೊಯ್ದು ಕಟ್ಟುವ ನಮ್ಮ ಹೂವಾಡಗಿತ್ತಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೋಮಿನ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ ಇಪ್ಪತ್ತೊಂದನೆಯ ಭಾಗವನ್ನು ಹೂವಿಗೂ ಮಾಲೆಗೂ ಮೀಸಲಿಟ್ಟಿರುವುದು ಈ ಕಾಲದ ರುಚಿಗೆ ಸಾಕ್ಷಿಯಾಗಿದೆ.

ಅದೇ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ, ಕ್ರಿ. ಶ. ೨೦೦ರ ಸುಮಾರಿಗೆ, ಕ್ರೈಸ್ತಗುರು ಕ್ಲೆಮೆಂಟನು ತನ್ನ ಶಿಕ್ಷಾಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಸುಗಂಧ ಮತ್ತು ಹೂಮಾಲೆಗಳ ಬಳಕೆಗೆ ಎದುರಾಗಿ ಬರೆದನು. ಹೂವು ಹೊಲದಲ್ಲಿ ನೋಡತಕ್ಕದ್ದು, ತಲೆಗೆ ಸುತ್ತತಕ್ಕದ್ದಲ್ಲ ಎಂಬುದು ಅವನ ವಾದದ ತಿರುಳು. ಅದೇ ಶತಮಾನದ ಆಸುಪಾಸಿನಲ್ಲಿ ಲ್ಯಾಟಿನ್ ಲೇಖಕ ಮಿನೂಸಿಯಸ್ ಫೆಲಿಕ್ಸನು, ಕ್ರೈಸ್ತರು ಗೋರಿಗಳಿಗೆ ಮಾಲೆ ಹಾಕುವುದಿಲ್ಲವೆಂಬ ಆಕ್ಷೇಪವನ್ನು ಎತ್ತಿಕೊಂಡು, ಒಣಗುವ ಮಾಲೆ ತಮಗೆ ಬೇಡವೆಂದು ಉತ್ತರ ಹೇಳಿಸಿದನು.